ಹಳೇ ಜೀಪಿನ ವೈರೂ ನಮ್ಮ ಸಾಲದ ಪುಸ್ತಕವೂ



ಈ ಪತ್ರಿಕೆಯಲ್ಲಿ ಭತ್ತದ ಬೆಲೆ, ಕಬ್ಬಿನ ಬಾಕಿ, ಬ್ಯಾಂಕಿನ ನೋಟೀಸು ಇವುಗಳನ್ನೇ ಓದಿ ಅಭ್ಯಾಸವಾದ ನಿಮಗೆ, ಜೀಪಿನ ವೈರಿನ ವಿಚಾರ ಕಂಡರೆ "ಇವನಿಗೇನಾಯ್ತಪ್ಪ" ಅನ್ನಿಸಬಹುದು. ಸ್ವಲ್ಪ ತಾಳಿ. ಆ ವೈರಿನ ಒಂದು ತುದಿ ಹಿಡಿದುಕೊಂಡು ಹೊರಟರೆ ಇನ್ನೊಂದು ತುದಿ ನಮ್ಮ ಸಾಲದ ಪುಸ್ತಕಕ್ಕೇ ಹೋಗಿ ಸೇರುತ್ತದೆ.

ಮಲೆನಾಡಿನಲ್ಲಿ ಜೀಪು ಷೋಕಿಯ ಗಾಡಿಯಲ್ಲ. ಎರಡನೇ ಮಹಾಯುದ್ಧದಲ್ಲಿ ಹುಟ್ಟಿದ ಈ ಗಾಡಿ 1940ರ ದಶಕದ ಕೊನೆಯಿಂದ ಮುಂಬಯಿಯಲ್ಲಿ ಜೋಡಣೆಯಾಗಿ ಬಂತು. ಎತ್ತಿನ ಗಾಡಿ ಹತ್ತಲಾರದ ದಿಣ್ಣೆ ಹತ್ತಿತು. ನಮ್ಮ ಸಕಲೇಶಪುರದ ಕಡೆ ಗೊಬ್ಬರ ಬರೋದು, ಕಾಫಿ ಮೂಟೆ ಹೋಗೋದು, ಕೂಲಿಯವರು ಬರೋದು, ರೋಗಿ ಆಸ್ಪತ್ರೆಗೆ ಹೋಗೋದು ಎಲ್ಲ ಇದರಲ್ಲೇ. ನನ್ನದು 1989ರ ಎಂಎಂ 540, ಡೀಸೆಲ್ಲು. ಎಂಜಿನ್ ಇವತ್ತೂ ಗಟ್ಟಿ. ಆದರೆ ಡ್ಯಾಷ್‌ಬೋರ್ಡಿನ ಕೆಳಗೆ ಕೈ ಹಾಕಿದರೆ ಮೂವತ್ತೈದು ವರ್ಷದ ತೇಪೆ, ಅಂಟುಪಟ್ಟಿ, ಇಲಿ ಕಡಿದ ವೈರು.

2025ರ ಅಕ್ಟೋಬರಿನ ಒಂದು ರಾತ್ರಿ ಪಕ್ಕದ ಮನೆಯ ಅಜ್ಜಿಗೆ ಉಸಿರು ಕಟ್ಟಿತು. ಮಳೆ ಬೇರೆ. ಅರ್ಧ ದಾರಿಯಲ್ಲಿ ಸುಟ್ಟ ವಾಸನೆ ಬಂತು, ಎರಡೂ ಲೈಟು ಒಟ್ಟಿಗೇ ಆರಿದವು. ಡೀಸೆಲ್ ಗಾಡಿಗೆ ಓಡಲು ಕಿಡಿ ಬೇಡ, ಆದ್ದರಿಂದ ಎಂಜಿನ್ ನಿಲ್ಲಲಿಲ್ಲ. ಅಜ್ಜಿಯ ಮೊಮ್ಮಗ ಟಾರ್ಚು ಹಿಡಿದು ಮುಂದೆ ನಡೆದ, ನಾನು ಹಿಂದೆ ಹಿಂದೆ ಬಿಟ್ಟೆ. ಅಜ್ಜಿ ಉಳಿದುಕೊಂಡರು. ಆದರೆ ಆ ಎರಡು ಮೈಲಿಯನ್ನು ನಾನು ಮರೆಯೋದಿಲ್ಲ. ಫ್ಯೂಸಿನ ಜಾಗದಲ್ಲಿ ತಾಮ್ರದ ಎಳೆ ಸುತ್ತಿಟ್ಟವನು ಬೇರೆ ಯಾರೂ ಅಲ್ಲ, ನಾನೇ. ಫ್ಯೂಸು ಸುಡಬೇಕಿತ್ತು, ವೈರು ಸುಟ್ಟಿತು.

ಮರುದಿನ ಪೇಟೆಗೆ ಹೋದೆ. ಮೊದಲ ಅಂಗಡಿಯವನು ಹೇಳಿದ: "ಪೂರಾ ವೈರಿಂಗ್ ಸೆಟ್ಟೇ ತರಿಸಬೇಕು ಯಜಮಾನ್ರೇ, 7,500 ರೂಪಾಯಿ, ಅಡ್ವಾನ್ಸ್ ಕೊಡಿ, ಹದಿನೈದು ದಿನ." ಲೈಟಿನ ಭಾಗ ಮಾತ್ರ ಕೊಡಯ್ಯಾ ಅಂದರೆ ಬಿಡಿಯಾಗಿ ಇಲ್ಲ. ಎರಡನೆಯವನು 2,800ಕ್ಕೆ ಒಂದು ಸೆಟ್ಟು ತೋರಿಸಿದ. ಚಾಕುವಿನಲ್ಲಿ ಎಳೆ ಕೆರೆದು ನೋಡಿದೆ. ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ ಅಲ್ಯೂಮಿನಿಯಂ. ಮೂರನೆಯವನು ಧರ್ಮಬೋಧೆ ಮಾಡಿದ: "ಗುಜರಿಗೆ ಹಾಕಿ ಸಾರ್, ಹೊಸದು ತಗೊಳ್ಳಿ, ಸಾಲ ನಾವೇ ಮಾಡಿಸಿಕೊಡ್ತೀವಿ."

ನೋಡಿ, ಸಾಲದ ಬಾಗಿಲು ತೆರೆಯೋದು ಹೀಗೆ. ಒಂದು ಮೊಳ ವೈರು ಕೇಳಲು ಹೋದವನಿಗೆ ಐದು ವರ್ಷದ ಕಂತು ಕಟ್ಟಿ ಕಳಿಸುತ್ತಾರೆ.

ಈಗ ಲೆಕ್ಕ ಹಾಕೋಣ. ಸಾಧಾರಣ ಭತ್ತಕ್ಕೆ 2025-26ರ ಬೆಂಬಲ ಬೆಲೆ ಕ್ವಿಂಟಾಲಿಗೆ 2,369 ರೂಪಾಯಿ. ಆ ಬೆಲೆಯೇ ಪೂರ್ತಿ ಸಿಕ್ಕಿತು ಅಂತಿಟ್ಟುಕೊಂಡರೂ 7,500 ಅಂದರೆ ಮೂರು ಕ್ವಿಂಟಾಲಿಗಿಂತ ಹೆಚ್ಚು ಭತ್ತ. ಅದರಲ್ಲಿ ಶೇಕಡಾ 18 ಜಿಎಸ್‌ಟಿ ಅಂದರೆ ಸುಮಾರು 1,144 ರೂಪಾಯಿ ಸೇರಿದೆ. ಹೆಚ್ಚುಕಡಿಮೆ ಅರ್ಧ ಕ್ವಿಂಟಾಲು ಭತ್ತ ತೆರಿಗೆಗೇ ಹೋಯಿತು. ವ್ಯಾಪಾರಿ ತಾನು ಕಟ್ಟಿದ ತೆರಿಗೆಯನ್ನು ಲೆಕ್ಕದಲ್ಲಿ ವಾಪಸು ಕಳೆದುಕೊಳ್ಳುತ್ತಾನೆ. ನಾವು ಯಾರ ಮೇಲೆ ಹಾಕೋಣ? ನಮ್ಮ ಭತ್ತದ ಬೆಲೆ ಕೊಳ್ಳುವವನು ಹೇಳುತ್ತಾನೆ, ವೈರಿನ ಬೆಲೆ ಮಾರುವವನು ಹೇಳುತ್ತಾನೆ. ಎರಡು ಕಡೆಯೂ ಬಾಯಿ ಮುಚ್ಚಿಕೊಂಡಿರುವವನು ರೈತ.

ನಾನು ಮಾಡಿದ್ದು ಇಷ್ಟು. ನಮ್ಮ ಹೋಬಳಿಯ ಎಲೆಕ್ಟ್ರಿಷಿಯನ್ ಹುಡುಗನನ್ನು ಕರೆದೆ. ಹಳೇ ವೈರಿನ ಕಟ್ಟನ್ನು ಕತ್ತರಿಸದೆ ಹಾಗೇ ಬಿಚ್ಚಿ, ಕಾಫಿ ಕಣದ ಮೇಲೆ ಹಾಸಿ, ಕವಲೊಡೆದ ಕಡೆಗೆಲ್ಲ ಮೊಳೆ ಹೊಡೆದು, ಪ್ರತಿ ತುದಿಗೂ ಚೀಟಿ ಕಟ್ಟಿದೆವು. ಅದರ ಅಳತೆಗೆ ಹೊಸದು ಕಟ್ಟಿದೆವು. ಮೀಟರ್ ಲೆಕ್ಕದ ವೈರಿಗೆ 2,350, ಫ್ಯೂಸು ಪೆಟ್ಟಿಗೆ ಮತ್ತು ರಿಲೇಗೆ 650, ತುದಿ, ತೋಳು, ಟೇಪಿಗೆ 400, ಎರಡು ದಿನದ ಕೂಲಿ 1,600. ಒಟ್ಟು 5,000. ಉಳಿದದ್ದು ಎರಡೂವರೆ ಸಾವಿರವೇ, ದೊಡ್ಡ ಮೊತ್ತ ಅಂತ ಜಂಬ ಕೊಚ್ಚೋದಿಲ್ಲ. ಆದರೆ ಕೂಲಿ ಊರಿನಲ್ಲೇ ಉಳಿಯಿತು, ಮತ್ತು ಮುಂದಿನ ಸಲ ಒಂದು ವೈರು ಹೋದರೆ ಒಂದನ್ನೇ ಬದಲಾಯಿಸಬಹುದು.

ನೀವೂ ಮಾಡುವುದಾದರೆ ಕೆಲವು ಮಾತು ನೆನಪಿಡಿ. 12 ವೋಲ್ಟಿನಲ್ಲಿ 60 ವಾಟಿನ ಬಲ್ಬು 5 ಆಂಪಿಯರ್ ಎಳೆಯುತ್ತದೆ, ಎರಡಕ್ಕೆ 10. ಅದಕ್ಕೆ ಎರಡೂವರೆ ಸ್ಕ್ವೇರ್ ಎಂಎಂ ತಾಮ್ರದ ವೈರು ಹಾಕಿ. ಇಂಡಿಕೇಟರು, ಮೀಟರಿಗೆ ಒಂದು ಸಾಕು. ಡೈನಮೊದಿಂದ ಬ್ಯಾಟರಿಗೆ ಹೋಗುವುದು, ಹೀಟರ್ ಪ್ಲಗ್ಗಿನದು ಇನ್ನೂ ದಪ್ಪ ಇರಬೇಕು. ನಿಮ್ಮದು ಬಹಳ ಹಳೇ 6 ವೋಲ್ಟಿನ ಪೆಟ್ರೋಲ್ ಜೀಪಾದರೆ ಅಷ್ಟೇ ವಾಟಿಗೆ ಕರೆಂಟು ಎರಡು ಪಟ್ಟು ಹರಿಯುತ್ತದೆ, ವೈರೂ ದಪ್ಪವಾಗಬೇಕು. ಮನೆಯ ವೈರು ತಂದು ಸುತ್ತಬೇಡಿ, ಎಂಜಿನ್ನಿನ ಕಾವು, ಎಣ್ಣೆ ಅದರ ಹೊದಿಕೆಗೆ ಆಗೋದಿಲ್ಲ. ಲೈಟಿಗೆ ರಿಲೇ ಹಾಕಿದರೆ ಸ್ವಿಚ್ಚು ಸುಡೋದಿಲ್ಲ. ತಗಡಿನ ತೂತು ಹಾಯುವ ಕಡೆ ರಬ್ಬರು ಇಡಿ. ಅರ್ಥ್ ಹಾಕುವ ಜಾಗದ ತುಕ್ಕು ಕೆರೆದು ಬೋಲ್ಟು ಬಿಗಿಯಿರಿ. ವೈರು ಕೆಟ್ಟಿದೆ ಅಂತ ನಾವು ಬೈಯೋದು ಎಷ್ಟೋ ಸಲ ಆ ತುಕ್ಕಿನ ಕಾಟ. ಫ್ಯೂಸಿನ ಜಾಗದಲ್ಲಿ ಮಾತ್ರ ತಂತಿ ಸುತ್ತಬೇಡಿ. ಸುತ್ತಿದವನ ಮಾತು ಇದು.

ಇನ್ನು ಸರ್ಕಾರದ ವಿಚಾರ. 2025ರ ಸೆಪ್ಟೆಂಬರ್ 22ರಿಂದ ಟ್ರಾಕ್ಟರಿಗೂ ಅದರ ಹಲವು ಬಿಡಿಭಾಗಗಳಿಗೂ ಜಿಎಸ್‌ಟಿ ಶೇಕಡಾ 5ಕ್ಕೆ ಇಳಿಯಿತು. ಒಳ್ಳೆಯದೇ. ಆದರೆ ಮೋಟಾರು ಬಿಡಿಭಾಗಕ್ಕೆ 18. ಬಯಲುಸೀಮೆಯಲ್ಲಿ ಟ್ರಾಕ್ಟರು ಮಾಡುವ ಸಾಗಾಣಿಕೆಯನ್ನು ನಮ್ಮ ಗುಡ್ಡದಲ್ಲಿ ಜೀಪು ಮಾಡುತ್ತದೆ. ದೆಹಲಿಯವರಿಗೆ ಮಾತ್ರ ಅದು ವಿಹಾರದ ಗಾಡಿ. ಹದಿನೈದು ವರ್ಷ ದಾಟಿದ ಕಾರು, ಜೀಪುಗಳ ನೋಂದಣಿ ನವೀಕರಣ ಶುಲ್ಕವನ್ನು 2022ರ ಏಪ್ರಿಲ್‌ನಲ್ಲಿ 600ರಿಂದ 5,000ಕ್ಕೆ ಏರಿಸಿದರು. 2025ರಲ್ಲಿ ಇಪ್ಪತ್ತು ವರ್ಷ ದಾಟಿದವಕ್ಕೆ 10,000 ಮಾಡಿದರು. ಹಳೇ ಗಾಡಿ ಇಟ್ಟುಕೊಂಡದ್ದಕ್ಕೆ ದಂಡ ಅಂತಲೇ ಇದರ ಅರ್ಥ ತಾನೆ?

ಅದೇ ಕೇಂದ್ರ ಸರ್ಕಾರ 2022ರ ಜುಲೈನಲ್ಲಿ "ದುರಸ್ತಿಯ ಹಕ್ಕು" ಅಂತ ಒಂದು ಸಮಿತಿ ಮಾಡಿತು. ಕೃಷಿ ಉಪಕರಣವೂ ಮೋಟಾರು ವಾಹನವೂ ಅದರ ಪಟ್ಟಿಯಲ್ಲಿವೆ. ಹಕ್ಕು ಅನ್ನೋ ಮಾತು ನಿಜವಾಗಬೇಕಾದರೆ ಮೂರು ಕೆಲಸ ಆಗಲಿ. ಪ್ರತಿ ಹಳೇ ಮಾದರಿಯ ವೈರಿಂಗ್ ನಕ್ಷೆ ಕನ್ನಡದಲ್ಲಿ ಪುಕ್ಕಟೆ ಸಿಗಲಿ. ಸೆಟ್ಟನ್ನು ಬಿಡಿಬಿಡಿಯಾಗಿ ಮಾರಲಿ. ಪೊಟ್ಟಣದ ಮೇಲೆ ಒಳಗಿರುವುದು ತಾಮ್ರವೋ ಅಲ್ಯೂಮಿನಿಯಮ್ಮೋ, ಎಷ್ಟು ದಪ್ಪ ಅಂತ ದೊಡ್ಡಕ್ಷರದಲ್ಲಿ ಬರೆಯಲಿ.

ಅಲ್ಲಿಯವರೆಗೆ ನಾವು ಸುಮ್ಮನೆ ಕೂರಬೇಕಾಗಿಲ್ಲ. ಹೋಬಳಿಗೊಂದು ಹಲಗೆ ಮಾಡಿ, ಮೊಳೆ ಹೊಡೆದು ಅಳತೆ ಬರೆದಿಡೋಣ. ಹತ್ತು ಜನ ಸೇರಿ ವೈರಿನ ಸುರುಳಿಯನ್ನೇ ಸಗಟಿನಲ್ಲಿ ತರೋಣ. ನಮ್ಮ ಹಲಗೆ ಈಗ ಕಣದ ಗೋಡೆಗೆ ಒರಗಿ ನಿಂತಿದೆ. ಬೇಕಾದವರು ಬಂದು ಅಳತೆ ತೆಗೆದುಕೊಂಡು ಹೋಗಿ, ಕಾಸು ಕೇಳೋದಿಲ್ಲ. ರಿಪೇರಿ ಗೊತ್ತಿರುವ ಊರಿಗೆ ಸಾಲ ಮಾಡಿಸೋದು ಅಷ್ಟು ಸುಲಭವಲ್ಲ.