ಉಗುರಿನ ಬುಡದ ತೆಳುಚರ್ಮ

ಈ ಸಲ ಸೋದರಿಯರೊಡನೆ ಉಗುರಿನ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದಿದ್ದೇವೆ. ಉಗುರೆಂದರೆ ಬಣ್ಣ, ಬಣ್ಣವೆಂದರೆ ಷೋಕಿ ಎಂದುಕೊಂಡು ಪುಟ ಮಗುಚಬೇಡಿರಿ. ಹೋದ ಮಳೆಗಾಲದಲ್ಲಿ ಶಂಶಾಬಾದಿನ ನಮ್ಮ ಬಳಗದಲ್ಲೇ ಮೂವರು ಗೃಹಿಣಿಯರು ಉಗುರುಸುತ್ತಿನಿಂದ ನರಳಿದರು. ಅವರಲ್ಲೊಬ್ಬರಿಗೆ ಬಲಗೈ ಹೆಬ್ಬೆರಳು. ಹದಿನೈದು ದಿನ ಹಿಟ್ಟು ನಾದುವಂತಿಲ್ಲ, ಮಗುವಿನ ಜಡೆ ಹೆಣೆಯುವಂತಿಲ್ಲ. ತವರು ಬೀದರಿನಲ್ಲಿ, ಅತ್ತೆಮನೆ ದಾವಣಗೆರೆಯಲ್ಲಿ. ಪರಸ್ಥಳದ ಸಂಸಾರದಲ್ಲಿ ಒಂದು ಬೆರಳು ಕೆಲಸ ಬಿಟ್ಟರೆ ಆ ಕೆಲಸಕ್ಕೆ ಬರುವವರಾರು?

ನಮ್ಮ ನೆರೆಯ ತೆಲುಗು ಗೃಹಿಣಿಯರು ಇದನ್ನು ‘ಗೋರುಚುಟ್ಟು’ ಎನ್ನುತ್ತಾರೆ. ಅವರ ಗೋರು, ನಮ್ಮ ಉಗುರು ಎರಡೂ ಒಂದೇ ಬೇರಿನ ಮಾತುಗಳು. ಕಷ್ಟದ ಮೇಲೆ ಕಷ್ಟ ಬಂದಾಗ ಅವರು ‘ಗೋರುಚುಟ್ಟು ಮೀದ ರೋಕಲಿಪೋಟು’ ಎನ್ನುವುದುಂಟು. ಉಗುರುಸುತ್ತಿನ ಮೇಲೆ ಒನಕೆಯ ಪೆಟ್ಟು ಎಂದರ್ಥ. ಒನಕೆ ಹೋಗಿ ಮಿಕ್ಸರ್ ಬಂದರೂ ಗಾದೆಯ ನೋವು ಹಾಗೆಯೇ ಉಳಿದಿದೆ.

ಈ ನೋವು ಬರುವ ದಾರಿಯನ್ನು ಸ್ವಲ್ಪ ನೋಡೋಣ. ನಮ್ಮ ಕಣ್ಣಿಗೆ ಕಾಣುವ ಉಗುರು ಕೂದಲಿನಂತೆಯೇ ಕೆರಾಟಿನ್ ಎಂಬ ವಸ್ತುವಿನಿಂದಾದ ನಿರ್ಜೀವ ಹಲ್ಲೆ. ಬೆಳೆಯುವ ಜೀವವೆಲ್ಲ ಬುಡದಲ್ಲಿ, ಚರ್ಮದ ಅಡಿಯಲ್ಲಿರುತ್ತದೆ. ಆ ಬುಡದಲ್ಲಿ ಉಗುರಿಗೆ ಅಂಟಿಕೊಂಡಂತೆ ಒಂದು ತೆಳುಚರ್ಮವಿದೆಯಷ್ಟೆ, ಅದು ಲಕೋಟೆಗೆ ಹಾಕಿದ ಅರಗಿನ ಮುದ್ರೆಯಂತೆ. ಅದು ಬಿಗಿಯಾಗಿರುವ ತನಕ ನೀರಾಗಲಿ ರೋಗಾಣುವಾಗಲಿ ಒಳಗೆ ಹೋಗದು. ಒಡೆಯಿತೋ, ಕೀವು ಕಟ್ಟಲು ಹಾದಿಯಾಯಿತು.

ಈ ಮುದ್ರೆಯನ್ನು ಒಡೆಯುವುದರಲ್ಲಿ ಮೊದಲ ಕೈ ನೀರಿನದು. ನಮ್ಮಲ್ಲಿ ಅನೇಕರ ಮನೆಗೆ ಕೊಳವೆ ಬಾವಿಯ ಗಡಸು ನೀರು. ನೊರೆ ಬರಬೇಕಾದರೆ ಸಾಬೂನು ಹೆಚ್ಚು ಬೇಕು. ಪಾತ್ರೆ, ಬಟ್ಟೆ, ನೆಲ ಎಂದು ದಿನಕ್ಕೆ ಹತ್ತು ಸಲ ಕೈ ನೆನೆದು ಹತ್ತು ಸಲ ಒಣಗಿದರೆ ಉಗುರು ಉಬ್ಬಿ ಕುಗ್ಗಿ ತುದಿಯಲ್ಲಿ ಪದರು ಪದರಾಗಿ ಸೀಳುತ್ತದೆ, ಬುಡದ ಚರ್ಮ ಎದ್ದುಬರುತ್ತದೆ. ಆದುದರಿಂದ ಪಾತ್ರೆ ತೊಳೆಯುವಾಗ ರಬ್ಬರಿನ ಕೈಚೀಲ ಹಾಕಿಕೊಳ್ಳಿರಿ. ಒಳಗೆ ಬೆವರುವುದಾದರೆ ಮೊದಲು ಹತ್ತಿಯದೊಂದನ್ನು ತೊಟ್ಟರಾಯಿತು. ಅತ್ತೆಯವರು ನಕ್ಕರೆ ನಗಲಿ. ಕೆಲಸ ಮುಗಿದೊಡನೆ ಬೆರಳ ಸಂದುಗಳನ್ನೂ ಉಗುರಿನ ಸುತ್ತಲನ್ನೂ ಒರಸಿ, ರಾತ್ರಿ ಮಲಗುವ ಮುನ್ನ ಎರಡು ಹನಿ ಕೊಬ್ಬರಿ ಎಣ್ಣೆಯನ್ನು ಬುಡಕ್ಕೆ ತಿಕ್ಕಿರಿ. ಇದಕ್ಕಿಂತ ಹೆಚ್ಚಿನ ಬೆಲೆಯ ಡಬ್ಬಿ ಯಾವುದನ್ನೂ ಕೊಳ್ಳುವ ಅಗತ್ಯ ನಮಗೆ ಕಂಡುಬಂದಿಲ್ಲ.

ಎರಡನೆಯ ಕೈ ಅಂದ ಮಾಡುವವರದು. ನಾವು ಹೇಳಿದ ಆ ಹೆಬ್ಬೆರಳಿನ ಸೋದರಿ ಮದುವೆಯೊಂದಕ್ಕೆ ಹೊರಡುವ ಮುನ್ನ ಅಂಗಡಿಯೊಂದರಲ್ಲಿ ಉಗುರು ಒಪ್ಪ ಮಾಡಿಸಿಕೊಂಡಿದ್ದರು. ಅಲ್ಲಿ ಬುಡದ ತೆಳುಚರ್ಮವನ್ನು ಕತ್ತರಿಸಿ ತೆಗೆದರಂತೆ, ನೋಡುವುದಕ್ಕೆ ಬಲು ಚೊಕ್ಕಟ. ಮೂರನೆಯ ದಿನ ಬೆರಳು ಕೆಂಪೇರಿತು. ಈ ಚರ್ಮವನ್ನು ಕತ್ತರಿಸಲೂ ಬಾರದು, ಕತ್ತರಿಸಗೊಡಲೂ ಬಾರದು ಎಂಬುದೇ ಈ ಸಲ ನಾವು ಒತ್ತಿ ಹೇಳುವ ಮಾತು. ಪಕ್ಕದಲ್ಲಿ ಸಿಬಿರಿನಂತೆ ಎದ್ದ ಚರ್ಮವನ್ನು ಹಲ್ಲಿನಿಂದ ಕಿತ್ತರೆ ಒಳಗಿನ ತನಕ ಸೀಳುತ್ತದೆ. ಶುಚಿಯಾದ ಕತ್ತರಿಯಿಂದ ಎದ್ದಷ್ಟನ್ನು ಮಾತ್ರ ಕತ್ತರಿಸಿರಿ. ಉಗುರನ್ನಾದರೆ ಸ್ನಾನವಾದ ಮೇಲೆ, ಮೆತ್ತಗಿರುವಾಗ, ನೇರವಾಗಿ ತೆಗೆದು ಮೂಲೆಯನ್ನು ಅರದಿಂದ ನಯ ಮಾಡುವುದು. ಸಂಜೆಯ ಹೊತ್ತು ಉಗುರು ತೆಗೆಯಬಾರದೆಂಬ ಹಿರಿಯರ ಮಾತು ಹರಳೆಣ್ಣೆ ದೀಪದ ಕಾಲಕ್ಕೆ ಒಪ್ಪತಕ್ಕದ್ದೇ. ಈಗ ದೀಪ ಧಾರಾಳವಾಗಿರುವಾಗ ಮಕ್ಕಳ ಉಗುರನ್ನು ವಾರಕ್ಕೊಮ್ಮೆ ಯಾವ ಹೊತ್ತಿನಲ್ಲಾದರೂ ತೆಗೆಯಬಹುದು. ಜಂತುಹುಳುವಿನ ಮೊಟ್ಟೆ ಅಲ್ಲಿಯೇ ಅಡಗಿ ಬಾಯಿಗೆ ಹೋಗುವುದರಿಂದ ತೆಗೆಯಲೂ ಬೇಕು.

ಬೆರಳು ಕೆಂಪಾಗಿ ಮಿಡಿಯತೊಡಗಿದರೆ ನಮ್ಮ ಕಡೆ ನಿಂಬೆಹಣ್ಣಿಗೆ ತೂತು ಮಾಡಿ ಬೆರಳಿಗೆ ತೊಡಿಸುವ ರೂಢಿಯುಂಟು. ಒಡೆದ ಚರ್ಮಕ್ಕೆ ಹುಳಿ ತಾಗಿದರೆ ಉರಿಯೇ ಹೆಚ್ಚು. ಅದಕ್ಕೆ ಬದಲಾಗಿ ಕೈ ತಾಳುವಷ್ಟು ಬಿಸಿಯಾದ ಉಪ್ಪು ನೀರಿನಲ್ಲಿ ದಿನಕ್ಕೆ ಮೂರು ಸಲ, ಹತ್ತು ಹದಿನೈದು ನಿಮಿಷ ಅದ್ದಿಟ್ಟು, ಚೆನ್ನಾಗಿ ಒರಸಿರಿ. ಸೂಜಿಯಿಂದ ಚುಚ್ಚುವ ಧೈರ್ಯ ಬೇಡ. ಕೀವು ಕಂಡರೆ, ಎರಡು ದಿನದಲ್ಲಿ ನೋವು ಇಳಿಯದಿದ್ದರೆ ವೈದ್ಯರಿಗೆ ತೋರಿಸಬೇಕು. ಸಕ್ಕರೆ ಕಾಯಿಲೆಯವರು ಆ ಎರಡು ದಿನವನ್ನೂ ಕಾಯತಕ್ಕದ್ದಲ್ಲ.

ಬಣ್ಣದ ಮಾತಿಗೆ ಬರೋಣ. ಆಷಾಢ ಬಂತೆಂದರೆ ಇಲ್ಲಿನ ತೆಲುಗು ಮನೆಗಳಲ್ಲಿ ಗೋರಿಂಟಾಕು, ಎಂದರೆ ನಮ್ಮ ಗೋರಂಟಿ ಸೊಪ್ಪು, ಅರೆಯುವ ಸಂಭ್ರಮ. ಕರೆದರೆ ತಪ್ಪದೆ ಹೋಗಿರಿ. ಹಸಿ ಸೊಪ್ಪಿನ ಬಣ್ಣ ಉಗುರಿನ ಕೆರಾಟಿನ್ನಿಗೇ ಹಿಡಿದುಕೊಳ್ಳುವುದರಿಂದ ಉಗುರು ಬೆಳೆದು ತೀರುವ ತನಕ ಹೋಗದು. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಆಷಾಢದ ಕೆಂಪು ದೀಪಾವಳಿಯ ಹೊತ್ತಿಗೆ ತುದಿಗೆ ಸರಿದಿರುತ್ತದೆ. ಕೆಟ್ಟ ಉಗುರು ಪೂರಾ ಹೊಸದಾಗಲು ಆರು ತಿಂಗಳ ತಾಳ್ಮೆ ಬೇಕೆಂಬುದೂ ಇದೇ ಲೆಕ್ಕದಿಂದ ತಿಳಿಯುತ್ತದೆ. ಆದರೆ ಗಳಿಗೆಯಲ್ಲಿ ಕಪ್ಪು ಬಣ್ಣ ಕೊಡುವ ‘ಕರಿ ಮೆಹಂದಿ’ಯನ್ನು ಮುಟ್ಟಬೇಡಿರಿ. ಗೋರಂಟಿಯ ಸಹಜ ಬಣ್ಣ ಕಪ್ಪಲ್ಲ. ಕಪ್ಪಿಗಾಗಿ ಅದರಲ್ಲಿ ಕೂದಲ ಬಣ್ಣದ ರಾಸಾಯನಿಕವನ್ನು ಬೆರೆಸುವುದುಂಟು, ಅದರಿಂದ ಕೈ ಬೊಬ್ಬೆ ಏಳುತ್ತದೆ. ಸೀಸೆಯ ಬಣ್ಣ ಹಚ್ಚುವವರು ಅಳಿಸುವ ದ್ರವ ಉಗುರನ್ನು ಬಹಳ ಒಣಗಿಸುತ್ತದೆಂಬುದನ್ನು ನೆನಪಿಟ್ಟು, ನಡುನಡುವೆ ಒಂದೆರಡು ವಾರ ಬರಿಯ ಉಗುರಿನಲ್ಲಿರಿ. ಶಸ್ತ್ರಚಿಕಿತ್ಸೆಗೆ ಮುನ್ನ ಬಣ್ಣ ತೆಗೆಯಲು ಹೇಳುವುದು ಸುಮ್ಮನಲ್ಲ. 2020-21ರ ಕೊರೋನಾ ಕಾಲದಲ್ಲಿ ಬೆರಳಿಗೆ ಸಿಕ್ಕಿಸಿ ಆಮ್ಲಜನಕ ನೋಡುತ್ತಿದ್ದ ಆ ಪುಟ್ಟ ಯಂತ್ರವೂ ಗಾಢ ಬಣ್ಣದಡಿ ತಪ್ಪು ಅಂಕಿ ತೋರಿಸಬಹುದು.

ಚಿಕ್ಕಂದಿನಲ್ಲಿ ಬೆಳ್ಳಕ್ಕಿಯ ಹಿಂಡು ಹಾರುವಾಗ ಉಗುರು ತೋರಿಸಿ ಹೂ ಬೇಡಿದವರು ನಮ್ಮಲ್ಲಿ ಎಷ್ಟು ಮಂದಿ! ಆ ಬಿಳಿ ಚುಕ್ಕೆ ಬಹುಮಟ್ಟಿಗೆ ಸಣ್ಣ ಪೆಟ್ಟಿನ ಗುರುತು. ಸುಣ್ಣದ ಅಂಶ ಕಡಿಮೆಯಾಯಿತೆಂದು ಹೆದರಬೇಕಾಗಿಲ್ಲ. ಹೆದರದಿದ್ದರೂ ಗಮನಿಸಬೇಕಾದುದು ಬೇರೆಯಿದೆ. ಉಗುರು ಬಿಳಿಚಿಕೊಂಡು, ತೆಳ್ಳಗಾಗಿ, ಚಮಚದಂತೆ ನಡುವೆ ತಗ್ಗಾದರೆ ರಕ್ತದಲ್ಲಿ ಕಬ್ಬಿಣ ಕಡಿಮೆಯಿರಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಭಾರತೀಯ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಕಂಡುಬಂತು. ಅವರೆಲ್ಲರ ಉಗುರೂ ಹಾಗೆ ತಗ್ಗಾಗುವುದಿಲ್ಲ, ಆದುದರಿಂದ ರಕ್ತ ಪರೀಕ್ಷೆಯೇ ಸರಿ. ಕಾಳು, ನುಗ್ಗೆಸೊಪ್ಪು ತಿನ್ನುವಾಗ ಆ ನಿಂಬೆಹಣ್ಣನ್ನು ಪಲ್ಯಕ್ಕೆ ಹಿಂಡಿರಿ, ಕಬ್ಬಿಣ ಮೈಗೂಡಲು ಸಹಾಯವಾಗುತ್ತದೆ. ಈ ಊರಿನ ಇರಾನಿ ಚಹಾ ಎಷ್ಟೇ ರುಚಿಯಾಗಿದ್ದರೂ ಊಟದ ಜೊತೆಗೆ ಬೇಡ, ಒಂದು ಗಂಟೆ ಬಿಟ್ಟು ಕುಡಿಯಿರಿ.

ಒಂದೇ ಬೆರಳಿನ ಉಗುರಿನಲ್ಲಿ ಹೊಸದಾಗಿ ಕಪ್ಪು ಗೆರೆ ಮೂಡಿ ಅಗಲವಾಗುತ್ತ ಹೋದರೆ, ನೋವಿಲ್ಲವೆಂದು ಸುಮ್ಮನಿರದೆ ಚರ್ಮವೈದ್ಯರಲ್ಲಿಗೆ ಹೋಗಿರಿ. ಹೋಗುವಾಗ ಉಗುರಿಗೆ ಬಣ್ಣವಿರದಂತೆ ನೋಡಿಕೊಳ್ಳಿರಿ.