ಭದ್ರತೆಯ ಖಾತೆಗೆ ಬರೆದ ನೆರವು

2025ರ ಫೆಬ್ರುವರಿ 25ರಂದು ಬ್ರಿಟನ್ ಪ್ರಧಾನಿ ಕಿಯರ್ ಸ್ಟಾರ್ಮರ್ ಸಂಸತ್ತಿನ ಮುಂದೆ ಒಂದು ಕೂಡು-ಕಳೆ ಲೆಕ್ಕವಿಟ್ಟರು. 2027ರ ಹೊತ್ತಿಗೆ ರಕ್ಷಣಾ ವೆಚ್ಚ ಜಿಡಿಪಿಯ ಶೇ 2.5ಕ್ಕೆ ಏರಬೇಕು, ಅದಕ್ಕೆ ಬೇಕಾದ ಹಣ ಬಡ ದೇಶಗಳಿಗೆ ಕೊಡುವ ನೆರವಿನಿಂದ ಬರಬೇಕು. ರಾಷ್ಟ್ರೀಯ ಆದಾಯದ ಶೇ 0.5ರಷ್ಟಿದ್ದ ನೆರವು ಶೇ 0.3ಕ್ಕೆ ಇಳಿಯುವುದೆಂದು ತೀರ್ಮಾನವಾಯಿತು. ಅಭಿವೃದ್ಧಿ ಖಾತೆಯ ಸಚಿವೆ ಆನಲೀಸ್ ಡಾಡ್ಸ್ ಮೂರು ದಿನಕ್ಕೆ ರಾಜೀನಾಮೆ ಕೊಟ್ಟರು. ಅತ್ತ ವಾಷಿಂಗ್ಟನ್‌ನಲ್ಲಿ ಟ್ರಂಪ್ ಅಧಿಕಾರ ವಹಿಸಿಕೊಂಡ ದಿನವೇ ವಿದೇಶಿ ನೆರವಿಗೆ ತಡೆ ಹಾಕಿದ್ದರು. 1961ರಲ್ಲಿ ಅಧ್ಯಕ್ಷ ಕೆನಡಿ ಹುಟ್ಟುಹಾಕಿದ ನೆರವು ಸಂಸ್ಥೆ ಯುಎಸ್‌ಏಡ್ 2025ರ ಜುಲೈಗೆ ಬಾಗಿಲು ಮುಚ್ಚಿ, ಉಳಿದ ಚೂರುಪಾರು ಕೆಲಸ ವಿದೇಶಾಂಗ ಇಲಾಖೆಯ ಪಾಲಾಯಿತು.

ಈ ಕಡಿತಗಳನ್ನು ವಿರೋಧಿಸಿದವರೆಲ್ಲ ಹೆಚ್ಚುಕಡಿಮೆ ಒಂದೇ ಮಾತು ಹೇಳಿದರು: ನೆರವೂ ಭದ್ರತೆಯೇ. ಈ ಮಾತಿಗೆ ಸೇನೆಯವರ ಸಾಕ್ಷಿಯೂ ಇದೆ. 2013ರಲ್ಲಿ ಅಮೆರಿಕದ ಜನರಲ್ ಜೇಮ್ಸ್ ಮ್ಯಾಟಿಸ್, ರಾಜತಾಂತ್ರಿಕತೆಗೆ ಸಾಕಷ್ಟು ಹಣ ಕೊಡದಿದ್ದರೆ ತಾನು ಇನ್ನಷ್ಟು ಮದ್ದುಗುಂಡು ಕೊಳ್ಳಬೇಕಾಗುತ್ತದೆ ಎಂದು ಸಂಸದರಿಗೆ ಹೇಳಿದ್ದರು. ಕೇಳಲು ಚೆಂದದ ವಾದ. ಆದರೆ ನೆರವನ್ನು ಉಳಿಸಬೇಕಿದ್ದ ಈ ವಾದವೇ ಅದಕ್ಕೆ ಮುಳುವಾಯಿತು ಎಂಬುದು ನನ್ನ ಅನುಮಾನ. ಭದ್ರತೆಯ ಖಾತೆಗೆ ಬರೆದ ಖರ್ಚನ್ನು ಭದ್ರತೆಯ ತಕ್ಕಡಿಯಲ್ಲೇ ತೂಗುತ್ತಾರೆ. ಅಲ್ಲಿ ಕ್ಷಿಪಣಿಯ ಎದುರು ಮಲಾವಿಯ ಹೆರಿಗೆ ಆಸ್ಪತ್ರೆ ಯಾವಾಗಲೂ ಹಗುರ.

ಈ ವಾದದ ಸೋಲು ಇಷ್ಟಕ್ಕೇ ನಿಲ್ಲುವುದಿಲ್ಲ. ಭದ್ರತೆಗೆಂದೇ ಕೊಟ್ಟ ನೆರವು ಭದ್ರತೆಯನ್ನೂ ತಂದುಕೊಟ್ಟಿದ್ದು ಕಡಿಮೆ. ಇದಕ್ಕೆ ನಮ್ಮ ದೇಶವೇ ಸಾಕ್ಷಿ. 1965-66ರ ಬರಗಾಲದಲ್ಲಿ ಭಾರತ ಅಮೆರಿಕದ ಆಹಾರ ನೆರವು ಕಾನೂನಾದ ಪಿ.ಎಲ್. 480ರ ಗೋಧಿಗೆ ಕೈಯೊಡ್ಡಿತ್ತು. ಆ ಕಾಲದಲ್ಲಿ ಕರ್ನಾಟಕದ ಶಾಲೆಗಳಲ್ಲಿ ಓದಿದವರಿಗೆ ಹಾಲಿನ ಪುಡಿಯ ಹಾಲು, ಹಳದಿ ಉಪ್ಪಿಟ್ಟಿನ ರುಚಿ ಇನ್ನೂ ನೆನಪಿರಬಹುದು. ಅಧ್ಯಕ್ಷ ಲಿಂಡನ್ ಜಾನ್ಸನ್ ಗೋಧಿಯ ಹಡಗುಗಳನ್ನು ತಿಂಗಳ ಲೆಕ್ಕದಲ್ಲಿ ಬಿಟ್ಟರು. ಕೃಷಿ ನೀತಿ ಬದಲಿಸಲಿ ಎಂಬ ಒತ್ತಡ ಅದರಲ್ಲಿತ್ತು; ವಿಯೆಟ್ನಾಂ ಯುದ್ಧವನ್ನು ದೆಹಲಿ ಟೀಕಿಸಿತೆಂಬ ಸಿಟ್ಟೂ ಇತ್ತು. ಗೋಧಿ ಹೊಟ್ಟೆ ತುಂಬಿಸಿತು, ಅದು ಬಂದ ರೀತಿ ಮನಸ್ಸು ಕೆಡಿಸಿತು. ಕೃಷಿ ಸಚಿವ ಸಿ. ಸುಬ್ರಹ್ಮಣ್ಯಂ 1966ರಲ್ಲಿ 18,000 ಟನ್ ಮೆಕ್ಸಿಕನ್ ಗೋಧಿ ಬೀಜ ತರಿಸಿ ಹಸಿರು ಕ್ರಾಂತಿಗೆ ದಾರಿ ಮಾಡಿದರು. ಭಾರತಕ್ಕೆ ಒಳ್ಳೆಯದೇ ಆಯಿತು. ಆದರೆ ಅಮೆರಿಕ ಬಯಸಿದ್ದ ನಿಷ್ಠೆ ಅದಕ್ಕೆ ದಕ್ಕಲಿಲ್ಲ. 1971ರ ಆಗಸ್ಟಿನಲ್ಲಿ ಭಾರತ ಸಹಿ ಹಾಕಿದ್ದು ಸೋವಿಯತ್ ಒಕ್ಕೂಟದ ಜೊತೆಗಿನ ಒಪ್ಪಂದಕ್ಕೆ.

ಬ್ರಿಟನ್ನಿನ ಅನುಭವವೂ ಬೇರೆಯಲ್ಲ. ಮಾರ್ಗರೆಟ್ ಥ್ಯಾಚರ್ ಸರ್ಕಾರ ಮಲೇಷ್ಯಾಕ್ಕೆ ಶಸ್ತ್ರಾಸ್ತ್ರ ಮಾರುವ ಮಾತುಕತೆಯ ಜೊತೆಜೊತೆಗೇ ಅಲ್ಲಿನ ಪೆರ್ಗಾವ್ ಅಣೆಕಟ್ಟಿಗೆ ನೆರವಿನ ಆಸೆ ತೋರಿಸಿತ್ತು. ಇದು ನಷ್ಟದ ಯೋಜನೆ ಎಂದು ನೆರವು ಇಲಾಖೆಯ ಅಧಿಕಾರಿಗಳೇ ಎಚ್ಚರಿಸಿದರೂ ಬ್ರಿಟನ್ ಕೊನೆಗೆ 23.4 ಕೋಟಿ ಪೌಂಡ್ ಕೊಡಲು ಒಪ್ಪಿತು. 1994ರಲ್ಲಿ ಬ್ರಿಟಿಷ್ ಪತ್ರಿಕೆಗಳು ವಿಷಯ ಬಯಲಿಗೆಳೆದಾಗ ಕೆರಳಿದ ಮಲೇಷ್ಯಾ ಪ್ರಧಾನಿ ಮಹತೀರ್, ಬ್ರಿಟಿಷ್ ಕಂಪನಿಗಳಿಗೆ ಸರ್ಕಾರಿ ಗುತ್ತಿಗೆ ಕೊಡುವುದನ್ನೇ ನಿಲ್ಲಿಸಿಬಿಟ್ಟರು. ಅದೇ ವರ್ಷ ಲಂಡನ್ನಿನ ಹೈಕೋರ್ಟ್ ಆ ನೆರವು ಕಾನೂನುಬಾಹಿರ ಎಂದಿತು. ಹಣವೂ ಹೋಯಿತು, ಸ್ನೇಹವೂ ಕೆಟ್ಟಿತು.

ಮದುವೆಮನೆಯಲ್ಲಿ ಮುಯ್ಯಿ ಬರೆಸುವಾಗ ಕೊಡುವವರಿಗೂ ಪಡೆಯುವವರಿಗೂ ಅದು ಮುಯ್ಯಿ ಎಂದು ಗೊತ್ತಿರುತ್ತದೆ, ಅದರಲ್ಲಿ ಮುಜುಗರವಿಲ್ಲ. ದಾನವೆಂದು ಕೊಟ್ಟು ಮುಯ್ಯಿಯ ಪುಸ್ತಕದಲ್ಲಿ ಬರೆದಿಟ್ಟರೆ ಪಡೆದವನು ಅದನ್ನು ಅವಮಾನವೆಂದೇ ನೆನಪಿಡುತ್ತಾನೆ. ಪಾಕಿಸ್ತಾನದಲ್ಲಿ ಇದರ ಕ್ರೂರ ರೂಪ ಕಂಡಿತು. 2011ರಲ್ಲಿ ಒಸಾಮ ಬಿನ್ ಲಾದೆನ್‌ನ ಸುಳಿವು ಹಿಡಿಯಲು ಸಿಐಎ ಅಬೊಟ್ಟಾಬಾದಿನಲ್ಲಿ ಲಸಿಕೆ ಅಭಿಯಾನದ ಸೋಗು ಹಾಕಿಸಿತ್ತು. ಗುಟ್ಟು ರಟ್ಟಾದ ಮೇಲೆ ಲಸಿಕೆಯವರೆಂದರೆ ಗೂಢಚಾರರು ಎಂಬ ಶಂಕೆಗೆ ಬಲ ಬಂತು. ಪೋಲಿಯೊ ಹನಿ ಹಾಕಲು ಮನೆ ಮನೆಗೆ ಹೋಗುತ್ತಿದ್ದ ಹೆಣ್ಣುಮಕ್ಕಳು ಗುಂಡಿಗೆ ಬಲಿಯಾದರು. ಗೂಢಚಾರಿಕೆಗೆ ಲಸಿಕೆ ಅಭಿಯಾನಗಳನ್ನು ಇನ್ನು ಬಳಸುವುದಿಲ್ಲವೆಂದು 2014ರಲ್ಲಿ ಶ್ವೇತಭವನ ಮಾತು ಕೊಟ್ಟಿತು. ಕಳೆದುಹೋದ ನಂಬಿಕೆ ಆ ಮಾತಿನಿಂದ ಮರಳಲಿಲ್ಲ.

ಹಾಗಾದರೆ ನೆರವಿನಿಂದ ಜಗತ್ತು ಸುರಕ್ಷಿತವಾದದ್ದೇ ಇಲ್ಲವೇ? ಆಗಿದೆ, ಆದರೆ ಬಳಸುದಾರಿಯಿಂದ. ಸಿಡುಬಿನ ನಿರ್ಮೂಲನೆಗೆ ಶೀತಲಸಮರದ ವೈರಿಗಳಾದ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಕೈಜೋಡಿಸಿದವು. 1980ರಲ್ಲಿ ರೋಗ ತೊಲಗಿತೆಂದು ಘೋಷಣೆಯಾದಾಗ ಅದರ ರಕ್ಷಣೆ ಶ್ರೀಮಂತ ದೇಶಗಳಿಗೂ ಸಿಕ್ಕಿತು. ಜಾರ್ಜ್ ಬುಷ್ 2003ರಲ್ಲಿ ಆರಂಭಿಸಿದ ಎಚ್ಐವಿ ಚಿಕಿತ್ಸಾ ಯೋಜನೆ ಪೆಪ್ಫಾರ್ ಸುಮಾರು 2.5 ಕೋಟಿ ಜೀವ ಉಳಿಸಿದೆ ಎಂಬುದು ಅಮೆರಿಕ ಸರ್ಕಾರದ ಅಂದಾಜು. ಬುಷ್ ಇರಾಕಿನಲ್ಲಿ ಸುರಿದ ಹಣ ಗಳಿಸದ ಗೌರವವನ್ನು ಆಫ್ರಿಕಾದಲ್ಲಿ ಈ ಮಾತ್ರೆಗಳು ಗಳಿಸಿದವು. ರೋಗಿಯ ಸಲುವಾಗಿಯೇ ಕೊಟ್ಟ ಔಷಧಿಯಿಂದ ಸದ್ಭಾವನೆ ತಾನಾಗಿ ಬಂತು.

ಇದಕ್ಕೆ ಎದುರಾಗಿ ಮಾರ್ಷಲ್ ಯೋಜನೆಯನ್ನು ಉದಾಹರಿಸುವವರಿದ್ದಾರೆ. 1948ರಿಂದ ಯುರೋಪಿಗೆ ಹರಿದ ಸುಮಾರು 1,300 ಕೋಟಿ ಡಾಲರ್ ಹಿಂದೆ ಕಮ್ಯುನಿಸಂ ತಡೆಯುವ ಉದ್ದೇಶ ಢಾಳಾಗಿತ್ತು, ಆದರೂ ಯೋಜನೆ ಗೆದ್ದಿತು. ನಿಜ. ಆದರೆ ಅಲ್ಲಿ ತಮಗೇನು ಬೇಕೆಂಬ ಪಟ್ಟಿಯನ್ನು ಯುರೋಪಿನ ದೇಶಗಳೇ ಕೂಡಿ ಕುಳಿತು ಮಾಡಿದ್ದವು. ಕೊಡುವವರ ಹಿತವೂ ಪಡೆಯುವವರ ಹಿತವೂ ಬಹುಮಟ್ಟಿಗೆ ಒಂದೇ ಆಗಿತ್ತು, ಅದನ್ನು ಯಾರೂ ಮುಚ್ಚಿಡಲಿಲ್ಲ. ಕೊಡುವವನಿಗೆ ಸ್ವಾರ್ಥವಿರಬಾರದು ಎಂದು ನಾನು ಹೇಳುತ್ತಿಲ್ಲ. ಕೆಲಸದ ಗುರಿ ಯಾರೆಂಬುದನ್ನು ಆ ಸ್ವಾರ್ಥ ತೀರ್ಮಾನಿಸಬಾರದು.

ಈ ಪ್ರಶ್ನೆ ಈಗ ನಮ್ಮದೂ ಹೌದು. ಭಾರತ ಇಂದು ಕೊಡುವ ದೇಶವೂ ಹೌದು. ಅಫ್ಗಾನಿಸ್ತಾನದಲ್ಲಿ ನಾವು 2015ರಲ್ಲಿ ಸಂಸತ್ ಭವನ ಕಟ್ಟಿಕೊಟ್ಟೆವು. ಮರುವರ್ಷ ಹೆರಾತ್ ಪ್ರಾಂತ್ಯದಲ್ಲಿ ಸಲ್ಮಾ ಅಣೆಕಟ್ಟು ಮುಗಿಸಿದೆವು. 2021ರ ಆಗಸ್ಟಿನಲ್ಲಿ ತಾಲಿಬಾನ್ ಮರಳಿದ ಮೇಲೆ ಆ ಭವನದಲ್ಲಿ ಕೂರಲು ಚುನಾಯಿತರೇ ಇಲ್ಲ. ಅಣೆಕಟ್ಟಿನ ನೀರಿಗೆ ಮಾತ್ರ ಯಾವ ಸರ್ಕಾರ ಬಂದರೂ ಗದ್ದೆಯಲ್ಲಿ ಕೆಲಸವಿದೆ. 2022ರಲ್ಲಿ ಭಾರತ ವಾಘಾ ಗಡಿಯ ಮೂಲಕ ಗೋಧಿ ಕಳಿಸಿತು. ಅದೇ ವರ್ಷದ ಜೂನಿನಲ್ಲಿ ಕಾಬೂಲಿನ ರಾಯಭಾರ ಕಚೇರಿಯಲ್ಲಿ ನಮ್ಮ ತಾಂತ್ರಿಕ ತಂಡ ಮತ್ತೆ ನೆಲೆಯೂರಿತು. ಆಡಳಿತಕ್ಕೆ ಅಂಟಿದ ನೆರವು ಆಡಳಿತದೊಡನೆ ಬಿತ್ತು, ಜನರಿಗೆ ಸಂದದ್ದು ಸಂಬಂಧದ ಎಳೆಯನ್ನು ಉಳಿಸಿತು.

ಯುರೋಪಿಗೆ ಯುದ್ಧದ ಭಯ ಸುಳ್ಳಲ್ಲ; ಉಕ್ರೇನ್ ಕಣ್ಣೆದುರಿಗಿದೆ. ರಕ್ಷಣೆಗೆ ಹಣ ಬೇಕೇಬೇಕು. ಆದರೆ ಆ ಹಣವನ್ನು ನೆರವಿನಿಂದಲೇ ಏಕೆ ತೆಗೆದರು? ತೆರಿಗೆ ಏರಿಸಿದರೆ, ಪಿಂಚಣಿ ತಗ್ಗಿಸಿದರೆ ಬ್ರಿಟಿಷ್ ಮತದಾರ ಮುನಿಯುತ್ತಾನೆ. ಮಲಾವಿಯ ತಾಯಿಗೆ ಲಂಡನ್ನಿನಲ್ಲಿ ಮತವಿಲ್ಲ. ಶೇ 0.7ರಷ್ಟು ನೆರವು ಕೊಡಲೇಬೇಕೆಂದು 2015ರಲ್ಲಿ ಮಾಡಿದ ಕಾನೂನೂ ಅವಳನ್ನು ಕಾಯಲಿಲ್ಲ. ಇಂಥ ಕಡಿತಕ್ಕೆ ಧೈರ್ಯ ಬೇಕಿಲ್ಲ, ಆದ್ದರಿಂದಲೇ ಇದನ್ನು ಕಠಿಣ ನಿರ್ಧಾರ ಎಂದು ಹೊಗಳಬಾರದು. ತನ್ನ ಗಡಿ ಕಾಯಬೇಕೆಂದಿರುವ ದೇಶ ಅದರ ಬೆಲೆಯನ್ನು ತನ್ನ ಜನರಿಂದ ಕೇಳಲಿ. ನೆರವು ಕೊಡುವುದಾದರೆ ಪಡೆಯುವವರ ಅಗತ್ಯವೊಂದನ್ನೇ ಅದಕ್ಕೆ ಕಾರಣವಾಗಿ ಹೇಳಲಿ.