ಜೂನಿಪರ್ ಪುಟ್ಟ ಮರವಾಗಬೇಕಾದರೆ

‘ಮಗಳು ಬೆಂಗಳೂರಿನಿಂದ ಬರುವಾಗ ಒಂದು ಜೂನಿಪರ್ ಗಿಡ ತಂದುಕೊಟ್ಟಳು. ಎರಡು ತಿಂಗಳಿಂದ ನಡುಮನೆಯಲ್ಲಿ ಟಿ.ವಿ. ಪಕ್ಕ ಇಟ್ಟಿದ್ದೇನೆ. ಚಿತ್ರದಲ್ಲಿ ಕಾಣುವ ಹಾಗೆ ಬಾಗಿದ ಬೋನ್ಸಾಯ್ ಮಾಡಬೇಕೂಂತ ಆಸೆ. ಆದರೆ ನಮ್ಮತ್ತೆ, ಗಿಡ ಕುಗ್ಗಿಸಿದರೆ ಮನೆಯ ಏಳಿಗೆಯೂ ಕುಗ್ಗುತ್ತೆ ಅಂತಾರೆ. ನಾನೇನು ಮಾಡಲಿ?’ ತಿಪಟೂರಿನ ಸೋದರಿಯೊಬ್ಬರ ಪತ್ರ ಇದು.

ಸೋದರಿ, ಅತ್ತೆಯವರ ಮಾತಿಗೆ ಆಮೇಲೆ ಬರೋಣ. ಮೊದಲು ಆ ಕುಂಡವನ್ನು ಇವತ್ತೇ ಹೊರಗೆ ತನ್ನಿ. ಜೂನಿಪರ್ ಮನೆಯೊಳಗಿನ ಗಿಡವೇ ಅಲ್ಲ. ಅಂಗಡಿಯವರು ಮೇಜಿನ ಮೇಲಿಟ್ಟು ಮಾರಿದ ಮಾತ್ರಕ್ಕೆ ಅದು ಮೇಜಿನ ಮೇಲೆ ಬದುಕುವುದಿಲ್ಲ. ಅದಕ್ಕೆ ಬಿಸಿಲು ಬೇಕು, ಗಾಳಿ ಬೇಕು, ರಾತ್ರಿಯ ತಂಪು ಬೇಕು. ಆದರೆ ಒಮ್ಮೆಗೇ ಸುಡುಬಿಸಿಲಿಗೆ ನೂಕಬೇಡಿ. ಮೊದಲ ವಾರ ಎಳೆಬಿಸಿಲು, ಆಮೇಲೆ ಸ್ವಲ್ಪ ಸ್ವಲ್ಪವೇ ಹೆಚ್ಚು. ಬಯಲುಸೀಮೆಯ ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ಮಧ್ಯಾಹ್ನ ತೆಳು ನೆರಳಿರಲಿ.

ಇಷ್ಟು ಅವಸರ ಯಾಕೆ ಅಂದರೆ, ಈ ಗಿಡಕ್ಕೊಂದು ಕೆಟ್ಟ ಗುಣ ಇದೆ. ಬೇರು ಸತ್ತ ಮೇಲೂ ವಾರಗಟ್ಟಲೆ ಹಸಿರಾಗಿಯೇ ಕಾಣುತ್ತದೆ. ತುಳಸಿಯಾದರೆ ಸಂಜೆಯೊಳಗೆ ಬಾಡಿ ಹೇಳುತ್ತದೆ, ಇದು ಹೇಳುವುದಿಲ್ಲ. ನಾವು ಚೆನ್ನಾಗಿದೆ ಅಂದುಕೊಂಡು ನೀರು ಹಾಕುತ್ತಾ ಇರುತ್ತೇವೆ. ಎಲೆಯನ್ನು ಬೆರಳಲ್ಲಿ ಮೆಲ್ಲಗೆ ಸವರಿ ನೋಡಿ. ಮೆತ್ತಗೆ, ಬಾಗುವಂತಿದ್ದರೆ ಜೀವ ಇದೆ. ಹೊಳಪು ಹೋಗಿ, ಒಣಹುಲ್ಲಿನ ಹಾಗೆ ಪುಡಿಯಾದರೆ ಆ ಕೊಂಬೆಯ ಆಸೆ ಬಿಡಿ. ತುದಿಗಳಲ್ಲಿ ತಿಳಿಹಸಿರು ಚಿಗುರು ಕಂಡರೆ ನೀವು ಗೆದ್ದ ಹಾಗೆ.

ಇನ್ನೊಂದು ಮಾತು. ಮಕ್ಕಳು ಪುಸ್ತಕದ ನಡುವೆ ಇಡುತ್ತಾರಲ್ಲ, ಚಪ್ಪಟೆ ಬೀಸಣಿಗೆಯಂಥ ಎಲೆ, ಅದು ಥೂಜಾ. ಅದನ್ನೇ ಜೂನಿಪರ್ ಅಂತ ಕೊಟ್ಟುಬಿಡುವವರೂ ಇದ್ದಾರೆ. ಜೂನಿಪರ್‌ನ ಎಳೆಯ ಎಲೆ ಸೂಜಿಯ ಹಾಗೆ ಚುಚ್ಚುತ್ತದೆ. ಬೋನ್ಸಾಯ್‌ಗೆ ಹೆಚ್ಚಾಗಿ ಬೆಳೆಸುವ ಚೀನಾ ಜೂನಿಪರ್‌ನಲ್ಲಿ ಬಲಿತ ಎಲೆ ಹೆಣೆದ ಜಡೆಯ ಹಾಗೆ ಕಾಂಡಕ್ಕೆ ಅಂಟಿ ನುಣ್ಣಗಿರುತ್ತದೆ.

ಈಗ ಅತ್ತೆಯವರ ಮಾತು. ಹಿರಿಯರ ಮಾತನ್ನು ನಗೆಯಾಡುವುದು ಬೇಡ. ಆದರೆ ಬೋನ್ಸಾಯ್ ಅಂದರೆ ಗಿಡವನ್ನು ಉಪವಾಸ ಕೆಡವುವುದಲ್ಲ. ಜಪಾನೀ ಭಾಷೆಯಲ್ಲಿ ಆ ಮಾತಿನ ಅರ್ಥ ‘ತಟ್ಟೆಯಲ್ಲಿ ನೆಟ್ಟದ್ದು’ ಅಂತ, ಅಷ್ಟೇ. ವರ್ಷ ವರ್ಷವೂ ಅದು ಚಿಗುರಲೇಬೇಕು, ಬೇರು ಬಿಡಲೇಬೇಕು. ಬೆಳೆಯುವುದು ನಿಂತರೆ ಸಾಯುತ್ತದೆ. ಬೆಳೆದದ್ದನ್ನು ನಾವು ಕತ್ತರಿಸುತ್ತೇವೆ, ಮಲ್ಲಿಗೆ ಬಳ್ಳಿಯನ್ನು ಸವರುವುದಿಲ್ಲವೆ? ಹಾಗೆಯೇ. ಬೆಳಗಿನ ನೀರು ಹಾಕುವ ಕೆಲಸವನ್ನು ಅತ್ತೆಯವರಿಗೇ ಒಪ್ಪಿಸಿ ನೋಡಿ. ತಾವೇ ನೀರೆರೆದ ಗಿಡದ ಚಿಗುರು ಕಂಡ ಮೇಲೆ ಅಪಶಕುನ ಅನ್ನುವುದಕ್ಕೆ ಯಾರಿಗೂ ಬಾಯಿ ಬರುವುದಿಲ್ಲ.

ಜಪಾನಿನ ಟೋಕಿಯೋ ಹತ್ತಿರ ಓಮಿಯಾ ಅಂತ ಒಂದು ಊರು. 1923ರ ಭೂಕಂಪದಲ್ಲಿ ಟೋಕಿಯೋ ನೆಲಕಚ್ಚಿದಾಗ, ಬೋನ್ಸಾಯ್ ಬೆಳೆಸುತ್ತಿದ್ದ ಕೆಲವರು ಕುಂಡಗಳೊಂದಿಗೆ ಅಲ್ಲಿಗೆ ಹೋಗಿ 1925ರಲ್ಲಿ ಒಂದು ಬೋನ್ಸಾಯ್ ಹಳ್ಳಿಯನ್ನೇ ಕಟ್ಟಿಕೊಂಡರು. ಅಲ್ಲಿ ಮನೆ ಮಾಡುವವರು ಹತ್ತು ಬೋನ್ಸಾಯ್ ಆದರೂ ಇಟ್ಟುಕೊಳ್ಳಬೇಕು, ಮಹಡಿ ಮನೆ ಕಟ್ಟಬಾರದು ಅಂತೆಲ್ಲ ಕಟ್ಟಳೆ ಮಾಡಿಕೊಂಡಿದ್ದರು. ಅವರ ಪ್ರೀತಿಯ ಮರಗಳಲ್ಲಿ ಜೂನಿಪರ್ ಒಂದು. ಹಳೆಯ ಕಾಲದಲ್ಲಿ ಬೆಟ್ಟದ ಬಂಡೆಗಳಿಗೆ ಹಗ್ಗ ಕಟ್ಟಿ ಇಳಿದು, ಗಾಳಿ ಹಿಮಕ್ಕೆ ತಿರುಚಿದ ಗಿಡಗಳನ್ನು ಕಿತ್ತು ತರುತ್ತಿದ್ದರಂತೆ. ನಮಗೆ ಬಂಡೆಯೂ ಬೇಡ, ಹಗ್ಗವೂ ಬೇಡ. ಗಾಳಿ ಮಾಡುವ ಕೆಲಸವನ್ನು ತಂತಿ ಮಾಡುತ್ತದೆ.

ಆದರೆ ಮೊದಲ ವರ್ಷ ತಂತಿಯನ್ನು ಮುಟ್ಟಲೇಬೇಡಿ. ಗಿಡ ಚೇತರಿಸಿಕೊಂಡು ಚಿಗುರಲಿ. ನೀರಿನ ವಿಷಯಕ್ಕೆ ಒಂದು ಉಪಾಯ: ಉರಿದು ಮುಗಿದ ಊದುಬತ್ತಿಯ ಕಡ್ಡಿಯನ್ನು ಮಣ್ಣಿನಲ್ಲಿ ಎರಡು ಅಂಗುಲ ಚುಚ್ಚಿಡಿ. ಬೆಳಿಗ್ಗೆ ಎಳೆದು ನೋಡಿ. ಒದ್ದೆಯಾಗಿ ಮಣ್ಣು ಅಂಟಿದ್ದರೆ ಇವತ್ತು ನೀರು ಬೇಡ. ಬರೀ ತೇವವಾಗಿದ್ದರೆ ಹಾಕಿ, ತಳದ ತೂತಿನಿಂದ ಹರಿದು ಬರುವಷ್ಟು ಹಾಕಿ. ಗಂಟೆ ನೋಡಿ ದಿನಾ ಒಂದು ಚೊಂಬು ಸುರಿಯುವ ಪದ್ಧತಿ ಜೂನಿಪರ್‌ಗೆ ಆಗಿಬರಲ್ಲ. ಒಣ ಬೇಸಗೆಯಲ್ಲಿ ಎಲೆಯ ಕೆಳಗೆ ಬಿಳಿ ಹಾಳೆ ಹಿಡಿದು ಕೊಂಬೆ ತಟ್ಟಿ. ಧೂಳಿನಂಥ ಚುಕ್ಕೆಗಳು ಉದುರಿ ಹರಿದಾಡಿದರೆ ಅವು ನುಸಿ. ಎಲೆಯ ಅಡಿಗೂ ತಾಗುವ ಹಾಗೆ ನೀರು ಚಿಮುಕಿಸಿ ತೊಳೆಯುತ್ತಿದ್ದರೆ ಕಡಿಮೆಯಾಗುತ್ತವೆ.

ಎರಡನೆಯ ವರ್ಷ ಆಕಾರದ ಕೆಲಸ. ಸೆಖೆಯ ದಿನ ಬಿಟ್ಟು ತಂಪಿನ ದಿನಗಳಲ್ಲಿ ಮಾಡಿ. ಮೇಲ್ಮಣ್ಣನ್ನು ಕಡ್ಡಿಯಿಂದ ಸರಿಸಿ ಬುಡ ಎಲ್ಲಿ ಅಗಲವಾಗುತ್ತದೆ ನೋಡಿ, ಅದೇ ಮರದ ಮುಖ. ಕುಂಡವನ್ನು ಕಣ್ಣಿನ ಮಟ್ಟಕ್ಕಿಟ್ಟು ಸುತ್ತ ತಿರುಗಿಸಿ, ಎರಡು ದಿನ ಬರೀ ನೋಡಿ. ಕತ್ತರಿ ಕೈಗೆತ್ತಿಕೊಳ್ಳುವ ಚಪಲ ತಡೆದುಕೊಳ್ಳುವುದೇ ಇಲ್ಲಿ ದೊಡ್ಡ ವಿದ್ಯೆ.

ಮೊದಲು ಒಣಗಿದ್ದು, ಕೆಳಮುಖವಾಗಿ ಜೋತಾಡುವುದು, ಕವಲಿನ ಸಂದಿಯಲ್ಲಿ ಗುಂಪಾಗಿ ಎದ್ದದ್ದು ತೆಗೆಯಿರಿ. ಒಂದೇ ಎತ್ತರದಲ್ಲಿ ಎದುರೆದುರು ಎರಡು ಕೊಂಬೆ ಇದ್ದರೆ ಒಂದು ಸಾಕು. ಒಂದು ಸಲಕ್ಕೆ ಹಸಿರಿನ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ತೆಗೆಯಬೇಡಿ. ದಾಸವಾಳವನ್ನು ಬೋಳು ಮಾಡಿದರೂ ಚಿಗುರೀತು. ಜೂನಿಪರ್‌ನ ಬೋಳು ಕೊಂಬೆ ಮತ್ತೆ ಚಿಗುರುವುದಿಲ್ಲ, ಅದು ಹೋಯಿತು ಅಂತಲೇ ಲೆಕ್ಕ. ಆದ್ದರಿಂದ ಪ್ರತಿ ಕೊಂಬೆಯಲ್ಲೂ ಬುಡದ ಹತ್ತಿರ ಒಂದಿಷ್ಟು ಹಸಿರು ಉಳಿದಿರಲೇಬೇಕು. ಉಗುರಿನಿಂದ ತುದಿ ಚಿವುಟುವ ಅಭ್ಯಾಸವೂ ಬೇಡ, ಚಿವುಟಿದ ಕಡೆ ಕಂದಾಗುತ್ತದೆ, ಗಿಡ ಸೊರಗುತ್ತದೆ. ಉದ್ದಕ್ಕೆ ಓಡಿದ ಚಿಗುರನ್ನು ಪಕ್ಕದ ಕವಲಿನವರೆಗೆ ಕತ್ತರಿಯಲ್ಲಿ ತೆಗೆಯಿರಿ.

ತಂತಿ ಅಲ್ಯೂಮಿನಿಯಂನದು ಒಳ್ಳೆಯದು, ಮೆದು. ಕೊಂಬೆಯ ದಪ್ಪದಲ್ಲಿ ಮೂರರಲ್ಲೊಂದು ಪಾಲು ದಪ್ಪವಿದ್ದರೆ ಸಾಕು. ಒಂದು ತುದಿಯನ್ನು ಬುಡದ ಮಣ್ಣಿಗೆ ಆಳವಾಗಿ ಚುಚ್ಚಿ, ಓರೆಯಾಗಿ, ಒಂದೇ ಅಂತರದಲ್ಲಿ ಸುತ್ತಿಕೊಂಡು ಹೋಗಿ. ಬಿಗಿಯಬೇಡಿ, ಸಡಿಲವೂ ಆಗಬಾರದು. ಕೈಗೆ ಬಳೆ ಕೂತ ಹಾಗಿರಲಿ. ಹಿಂದಿನ ದಿನ ನೀರು ಕಡಿಮೆ ಮಾಡಿದ್ದರೆ ಕಾಂಡ ಚೆನ್ನಾಗಿ ಬಾಗುತ್ತದೆ. ಎರಡೂ ಹೆಬ್ಬೆರಳು ಒತ್ತುಕೊಟ್ಟು ನಿಧಾನಕ್ಕೆ ಬಾಗಿಸಿ. ಪೆನ್ಸಿಲ್ ಗಾತ್ರದ ಎಳೆ ಕಾಂಡ ಹೇಳಿದ ಮಾತು ಕೇಳುತ್ತದೆ, ಹೆಬ್ಬೆರಳು ಗಾತ್ರದ್ದಾದರೆ ಹಟಮಾರಿ. ಬಾಗಿದ ಹೊರಮೈಯಲ್ಲಿ ಕೊಂಬೆ ಇರುವ ಹಾಗೆ ನೋಡಿಕೊಂಡರೆ ಮರದ ಕಳೆ ಬರುತ್ತದೆ. ಚಟ್ ಅಂತ ಸದ್ದಾದರೆ ಅಲ್ಲಿಗೇ ನಿಲ್ಲಿಸಿ, ಒದ್ದೆ ಬಟ್ಟೆಯ ಪಟ್ಟಿ ಬಿಗಿದು ಬಿಡಿ. ಪೂರ್ತಿ ಮುರಿಯದಿದ್ದರೆ ಕೂಡಿಕೊಳ್ಳುವುದುಂಟು.

ಹದಿನೈದು ದಿನಕ್ಕೊಮ್ಮೆ ತಂತಿ ನೋಡಿ. ತೊಗಟೆಗೆ ಕಚ್ಚುತ್ತಿದೆ ಅನ್ನಿಸಿದ ಕೂಡಲೇ ತುಂಡು ತುಂಡಾಗಿ ಕತ್ತರಿಸಿ ತೆಗೆಯಿರಿ. ದುಡ್ಡು ಉಳಿಸೋಣ ಅಂತ ಬಿಚ್ಚಲು ಹೋದರೆ ಕೊಂಬೆಯೇ ಮುರಿದೀತು. ನೆಟ್ಟಗಾದರೆ ಮತ್ತೆ ಸುತ್ತಬಹುದು.

ಮೂರನೆಯ ವರ್ಷ ಮಣ್ಣು. ಆಕಾರವನ್ನೂ ಬೇರನ್ನೂ ಒಂದೇ ಸಲ ಕೆದಕಬಾರದು ಎಂದೇ ಇಷ್ಟು ದಿನ ಕಾಯಿಸಿದ್ದು. ಇಟ್ಟಿಗೆ ಕುಟ್ಟಿ ಜೋಳದ ಕಾಳಿನಷ್ಟು ಚೂರು ಮಾಡಿ, ಪುಡಿಯನ್ನು ಜರಡಿ ಹಿಡಿದು ತೆಗೆದುಬಿಡಿ. ಈ ಚೂರು ಎರಡು ಪಾಲು, ದಪ್ಪ ಮರಳು ಒಂದು ಪಾಲು, ಚೆನ್ನಾಗಿ ಕಳಿತ ಎಲೆಗೊಬ್ಬರ ಅರ್ಧ ಪಾಲು. ತಿಪಟೂರಿನಲ್ಲಿ ತೆಂಗಿನ ನಾರಿನ ಪುಡಿ ಬೇಕಾದಷ್ಟು ಸಿಗುತ್ತದೆ, ನಿಜ. ಅದು ನೀರನ್ನು ತುಂಬ ಹಿಡಿದಿಟ್ಟುಕೊಳ್ಳುತ್ತದೆ, ಇದಕ್ಕೆ ತುಂಬಬೇಡಿ. ಚಳಿ ಇಳಿದು ಹೊಸ ಚಿಗುರು ಕಣ್ಣುಬಿಡುವ ಜನವರಿ ಕೊನೆ, ಫೆಬ್ರವರಿಯಲ್ಲಿ ಕುಂಡ ಬದಲಿಸಿ. ಬೇರನ್ನು ಪೂರ್ತಿ ತೊಳೆದು ಬರಿದು ಮಾಡಿದರೆ ಗಿಡ ಉಳಿಯುವುದು ಕಷ್ಟ. ಒಂದು ಬದಿಯ ಹಳೆ ಮಣ್ಣು ಮಾತ್ರ ಬಿಡಿಸಿ, ಇನ್ನೊಂದು ಬದಿಯನ್ನು ಎರಡು ವರ್ಷದ ನಂತರ. ಆಮೇಲೆ ಕೆಲವು ವಾರ ತೆಳು ನೆರಳಲ್ಲಿರಲಿ.

ಕಾಂಡ ದಪ್ಪವಾಗಬೇಕು ಅನ್ನುವವರು ತಟ್ಟೆಯಂಥ ಕುಂಡಕ್ಕೆ ಅವಸರ ಮಾಡಬೇಡಿ. ತಟ್ಟೆಗೆ ಹೋದ ಮೇಲೆ ಕಾಂಡ ತುಂಬಾ ನಿಧಾನ ಊದುತ್ತದೆ. ದೊಡ್ಡ ಕುಂಡದಲ್ಲೇ ಇಟ್ಟು, ಬುಡದ ಹತ್ತಿರದ ಒಂದು ಕೊಂಬೆಯನ್ನು ಕತ್ತರಿ ಮುಟ್ಟಿಸದೆ ಓಡಲು ಬಿಡಿ. ಅದು ಬುಡವನ್ನು ದಪ್ಪ ಮಾಡುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ತೆಗೆಯಬಹುದು.

ಹಾಗೆ ತೆಗೆಯುವಾಗ ಪೂರ್ತಿ ಕತ್ತರಿಸದೆ ಒಂದು ಮೋಟು ಉಳಿಸಿ ತೊಗಟೆ ಸುಲಿದರೆ, ಒಣಗಿ ಬೆಳ್ಳಗಾಗಿ ಮುದಿ ಮರದ ಗಾಂಭೀರ್ಯ ಬರುತ್ತದೆ. ಅದಕ್ಕೆ ‘ಜಿನ್’ ಅನ್ನುತ್ತಾರೆ. ಕಾಂಡದ ಮೇಲೇ ಹಾಗೆ ಸುಲಿದ ಪಟ್ಟಿಗೆ ‘ಶಾರಿ’. ಈ ಶಾರಿ ನಮ್ಮ ‘ಶರೀರ’ದಿಂದಲೇ ಹೋದ ಮಾತು! ಬುದ್ಧನ ಅಸ್ಥಿಗೆ ಸಂಸ್ಕೃತದಲ್ಲಿ ಶರೀರ ಅನ್ನುತ್ತಿದ್ದರು, ಅದು ಚೀನಾ ದಾಟಿ ಜಪಾನಿಗೆ ಹೋಯಿತು, ಬಿಳಿ ಎಲುಬಿನಂಥ ಮರಕ್ಕೂ ಬಂತು. ಆದರೆ ಶಾರಿ ಐದಾರು ವರ್ಷ ಕಳೆದ ಗಿಡಕ್ಕೆ. ಬೇರಿನಿಂದ ಹಸಿರು ಕೊಂಬೆಗೆ ಹೋಗುವ ತೊಗಟೆಯ ದಾರಿ ಕಡಿದರೆ ಕೊಂಬೆ ಸಾಯುತ್ತದೆ. ಮೊದಲ ಸಲ ಬೆರಳಗಲಕ್ಕಿಂತ ಕಡಿಮೆ ಸುಲಿಯಿರಿ. ವರ್ಷ ಕಳೆದು ಗಿಡ ಚೆನ್ನಾಗಿದ್ದರೆ ಇನ್ನಷ್ಟು.

ಪತ್ರದ ಕೊನೆಯಲ್ಲಿ ತಿಪಟೂರಿನ ಸೋದರಿ, ‘ನನಗೀಗ ಐವತ್ತೆಂಟು, ಈಗ ಶುರು ಮಾಡಿ ನೋಡುವುದು ಯಾವಾಗ?’ ಅಂತಲೂ ಕೇಳಿದ್ದಾರೆ. ಬಾಗು ಎರಡನೆಯ ವರ್ಷವೇ ಕಾಣುತ್ತದೆ. ಐದನೆಯ ವರ್ಷ ಬಂದವರು, ‘ಇದೇನ್ರೀ, ಎಲ್ಲಿ ತಂದಿರಿ?’ ಅಂತ ಕೇಳುತ್ತಾರೆ. ನಿಮಗಾಗ ಅರವತ್ತಮೂರು. ಗಿಡ ನೆಡದೆ ಇದ್ದರೂ ಅರವತ್ತಮೂರೇ ತಾನೆ?

ಕರಿಬೇವಿನ ಎಲೆಗೆ ಕಪ್ಪು ಚುಕ್ಕೆ ಬಿದ್ದಿದೆ ಎಂದು ಬರೆದವರಿಗೆ ಮುಂದಿನ ಸಂಚಿಕೆಯಲ್ಲಿ ಉತ್ತರ.